ಸಸಿಯ ಕಾವಲಿಗೆ ವಿಷವೇಕೆ?

ಬಿತ್ತಿದ ಮೂರನೆಯ ದಿನವೇ ಮೆಂತ್ಯದ ಪಾತಿ ಕೆದರಿಹೋಗಿದ್ದರೆ, ಸೇವಂತಿಗೆಯ ಸಸಿ ಬುಡಸಹಿತ ಮಗುಚಿ ಬಿದ್ದಿದ್ದರೆ ಯಾರಿಗಾದರೂ ಸಿಟ್ಟು ಬರುವುದು ಸಹಜ. ಆದರೆ ಆ ಸಿಟ್ಟಿನ ಕೈಗೆ ಮೊದಲು ಸಿಗುವುದು ಫಿನಾಯಿಲ್, ನುಸಿಗುಳಿಗೆ, ಇಲ್ಲವೆ ಇಲಿಪಾಷಾಣ ಬೆರೆಸಿದ ಅನ್ನ. ಪೂಜೆಯ ಪತ್ರೆ-ಪುಷ್ಪಗಳಿಗೆಂದು ಬೆಳೆಸಿದ ತೋಟದಲ್ಲಿಯೇ ವಿಷವಿಕ್ಕುವುದು ಎಂತಹ ವಿಪರ್ಯಾಸ! "ಕೊಲ್ಲುವುದಕ್ಕಲ್ಲ, ವಾಸನೆಗೆ ಓಡಿಹೋಗಲಿ ಎಂದು ಫಿನಾಯಿಲ್ ಹಾಕಿದ್ದು" ಎಂಬ ಸಮರ್ಥನೆಯೂ ಸಿದ್ಧವಾಗಿರುತ್ತದೆ.

ಈ ಸಮರ್ಥನೆಯಲ್ಲಿ ಹುರುಳಿಲ್ಲ. ಮೈಯನ್ನು ನೆಕ್ಕಿ ಶುಚಿಮಾಡಿಕೊಳ್ಳುವುದು ಬೆಕ್ಕಿನ ಹುಟ್ಟುಗುಣ. ಪಾದಕ್ಕೆ ಅಂಟಿದ್ದೆಲ್ಲ ಅದರ ಹೊಟ್ಟೆಗೆ ಸೇರುತ್ತದೆ. ಕಪ್ಪು ಫಿನಾಯಿಲಿನಲ್ಲಿ ಫೀನಾಲ್ ವರ್ಗದ ರಾಸಾಯನಿಕಗಳಿವೆ. ಅವುಗಳನ್ನು ಪರಿವರ್ತಿಸಿ ಹೊರಹಾಕುವ ಶಕ್ತಿ ಮನುಷ್ಯನ ಯಕೃತ್ತಿಗೆ ಒಂದು ಮಟ್ಟಿಗಾದರೂ ಇದೆ. ಬೆಕ್ಕಿನ ಯಕೃತ್ತಿಗೆ ಅದು ತೀರ ಕಡಿಮೆ. ನುಸಿಗುಳಿಗೆಯಲ್ಲಿನ ನ್ಯಾಫ್ತಲೀನ್ ರಕ್ತದ ಕೆಂಪುಕಣಗಳನ್ನೇ ಒಡೆಯುತ್ತದೆ. ಬಿಳಿಯ ಆ ಗುಳಿಗೆ ಅಂಗಳದಲ್ಲಿ ಆಡುವ ಕೂಸಿನ ಬಾಯಿಗೂ ಹೋಗಬಹುದೆಂಬುದನ್ನು ಹಾಕಿದವರು ನೆನೆಯುವುದಿಲ್ಲ. ಖಾರದ ಪುಡಿ ಮೂಕಪ್ರಾಣಿಯ ಕಣ್ಣನ್ನು ಸುಟ್ಟು, ಒಂದು ಮಳೆಗೆ ತೊಳೆದುಹೋಗುತ್ತದೆ. ಪಾಪದ ಮಾತಿಗೆ ಅಂಜದವರು ಕಾನೂನಿಗಾದರೂ ಅಂಜಬೇಕು: 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ ಪ್ರಾಣಿಗೆ ವಿಷವಿಕ್ಕುವುದು 5 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಮಾಡಬಲ್ಲ ಅಪರಾಧ.

"ಬೆಕ್ಕಿನ ಮಲದಿಂದ ರೋಗ ಬರುವುದಿಲ್ಲವೆ?" ಎಂದು ಕೇಳುವವರುಂಟು. ಬರಬಹುದು, ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿಯ ವಿಷಯದಲ್ಲಿ ಗರ್ಭಿಣಿಯರು ಎಚ್ಚರದಿಂದಿರಲೇಬೇಕು. ಆದರೆ ಅದು ಸೋಂಕು ತಗುಲಿಸುವ ಸ್ಥಿತಿಗೆ ಬರಲು 1ರಿಂದ 5 ದಿನಗಳು ಬೇಕು. ಮಲವನ್ನು ದಿನವೂ ತೆಗೆಯುವುದು, ಕೈಗವಸು ತೊಟ್ಟು ಮಣ್ಣು ಮುಟ್ಟುವುದು, ಸೊಪ್ಪನ್ನು ಚೆನ್ನಾಗಿ ತೊಳೆಯುವುದು ಇದಕ್ಕೆ ಪರಿಹಾರವೇ ಹೊರತು ಪಾಷಾಣವಲ್ಲ.

ಬೆಕ್ಕಿಗೆ ಗಿಡದ ಮೇಲೆ ಹಗೆಯಿಲ್ಲ. ಅದು ಹುಡುಕುವುದು ಮಲವನ್ನು ಮುಚ್ಚಲು ಸಡಿಲವಾದ ಒಣಮಣ್ಣನ್ನು. ಹೊಸದಾಗಿ ಅಗೆದ ಪಾತಿಗಿಂತ ಅನುಕೂಲವಾದ ಜಾಗ ಅದಕ್ಕೆ ಬೇರೆಲ್ಲಿ ಸಿಕ್ಕೀತು? ಬರಿಮಣ್ಣನ್ನು ಕಾಣದಂತೆ ಮಾಡಿದರೆ ಅರ್ಧ ಜಗಳ ಮುಗಿಯಿತು. ಬಿತ್ತಿದ ಕೂಡಲೆ ತಂತಿಬಲೆ ಹಾಸಿ, ಚೂಪಾದ ಅಂಚುಗಳನ್ನು ಒಳಕ್ಕೆ ಮಡಚಿ ಕಲ್ಲು ಹೇರಬೇಕು. ಮೊಳಕೆಗಳು ಬಲೆಯ ಕಣ್ಣುಗಳಿಂದಲೇ ಮೇಲೇಳುತ್ತವೆ. ಬಲೆಗೆ ಹಣವಿಲ್ಲದವರಿಗೆ ತೊಗರಿಕಟ್ಟಿಗೆ ಸಾಕು: ಬೆಕ್ಕು ತಿರುಗಿ ಕೂರಲಾಗದಷ್ಟು ಒತ್ತಾಗಿ, ಗೇಣಿಗಿಂತ ಕಡಿಮೆ ಅಂತರದಲ್ಲಿ ಚುಚ್ಚಬೇಕು. ಕುಂಡಗಳಿಗಾದರೆ ತೆಂಗಿನ ಸಿಪ್ಪೆಯ ತುಂಡು ಅಥವಾ ದಪ್ಪ ಬೆಣಚುಕಲ್ಲು. (ನೀಲಿನೀರಿನ ಬಾಟಲಿ ತೂಗುಹಾಕುವವರೂ ಇದ್ದಾರೆ; ಅದರಿಂದ ಬೆಕ್ಕಿಗೆ ಹಾನಿಯಿಲ್ಲ, ತೋಟಕ್ಕೆ ಲಾಭವೂ ಇಲ್ಲ.)

ಓಡಿಸಿದ ಬೆಕ್ಕು ಎಲ್ಲಿಗೆ ಹೋಗಬೇಕು ಎಂಬುದನ್ನೂ ಓಡಿಸುವವರೇ ಯೋಚಿಸಬೇಕು. ಹಿತ್ತಲಿನ ಮೂಲೆಯಲ್ಲಿ, ಮಕ್ಕಳು ಆಡದ ಕಡೆ, ಎರಡು ಬುಟ್ಟಿ ಒಣಮರಳು ಸುರಿದಿಟ್ಟರೆ ಅದು ತಾನಾಗಿಯೇ ಅಲ್ಲಿಗೆ ಹೋಗತೊಡಗುತ್ತದೆ.