ಹಳೆಯ ಜಾವಾ: ಬಿಚ್ಚೋಣ, ತೀಡುವುದು ಬೇಡ

1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ನಮ್ಮ ಎಷ್ಟೋ ತೋಟದ ಮನೆಗಳ ಕೊಟ್ಟಿಗೆಯಲ್ಲಿ ಇಂದಿಗೂ ಗೋಣಿ ಹೊದ್ದು ನಿಂತಿವೆ. ಮಳೆ ಬಿಡದ ದಿನಗಳಲ್ಲಿ ಅವುಗಳ ಎಂಜಿನ್ ಬಿಚ್ಚಲು ಹೊರಟಿರುವ ತರುಣ ಸದಸ್ಯರನ್ನು ನಾವು ಮನಸಾರೆ ಮೆಚ್ಚುತ್ತೇವೆ. ಟೂ ಸ್ಟ್ರೋಕ್ ಎಂಜಿನ್ನಿನ ಈ ವಿದ್ಯೆ ನಾಳೆ ಸ್ಪ್ರೇಯರಿನ ರಿಪೇರಿಗೂ ಒದಗುತ್ತದೆ.

ಆದರೆ ಶಕ್ತಿ ಹೆಚ್ಚಿಸುವ ಆಸೆಯಿಂದ ಸಿಲಿಂಡರಿನ ಪೋರ್ಟುಗಳನ್ನು ಅರದಿಂದ ತೀಡುವುದು ನಮಗೆ ಸರಿ ಕಾಣದು. ಎಕ್ಸಾಸ್ಟ್ ಪೋರ್ಟನ್ನು ಮೇಲಕ್ಕೆ ತೀಡಿದರೆ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ ಶಕ್ತಿ ಹೆಚ್ಚುತ್ತದೆ. ಮೂಟೆ ಹೇರಿ ಏರು ಹತ್ತುವಾಗ ಬೇಕಾದ ಎಳೆತ ಕುಂದುತ್ತದೆ. ತಂದೆಯವರ ಗಾಡಿಯನ್ನು ಹೀಗೆ ತೀಡಿ ಕೆಡಿಸಿದವರು ನಾವೇ. ಕಡಿದ ನೆರಳಿನ ಮರವನ್ನಾದರೂ ಮತ್ತೆ ನೆಡಬಹುದು, ತೀಡಿದ ಕಬ್ಬಿಣ ಮತ್ತೆ ಬೆಳೆಯದು.

ಮೊದಲು ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲ್ ಬದಲಿಸಿರಿ. ಅಲ್ಲಿ ಗಾಳಿ ನುಗ್ಗಿದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಸಿಲಿಂಡರು ಸವೆದಿದ್ದರೆ ಓವರ್‌ಸೈಜ್ ಪಿಸ್ಟನ್ ಮೊದಲು ಕೈಗೆ ಬರಲಿ, ಬೋರಿಂಗ್ ಅದರ ಅಳತೆಗೆ ಆಗಲಿ. ರಿಂಗಿನ ಬಾಯಿ ಪಿನ್ನಿನ ಮೇಲೆ ಸರಿಯಾಗಿ ಕೂರಲಿ. ತಪ್ಪಿದರೆ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಪೆಟ್ರೋಲಿಗೆ ಎಣ್ಣೆ ಬೆರೆಸುವಾಗ ಜಿಪುಣತನ ಬೇಡವೇ ಬೇಡ.

ಪುಲ್ಲರ್, ಬೋರ್ ಗೇಜುಗಳನ್ನು ಒಬ್ಬೊಬ್ಬರೂ ಕೊಳ್ಳುವ ಬದಲು ಸಂಘವೇ ಒಂದು ಜೊತೆ ಇಟ್ಟು ಸದಸ್ಯರಿಗೆ ಎರವಲು ಕೊಡುವುದು ಲೇಸೆಂದು ನಮ್ಮ ಅಭಿಪ್ರಾಯ. ಮುಂದಿನ ಸಭೆಯಲ್ಲಿ ಸದಸ್ಯ ಬಂಧುಗಳು ಈ ಬಗ್ಗೆ ತೀರ್ಮಾನಿಸಬೇಕಾಗಿ ಕೋರುತ್ತೇವೆ.