ಮೊದಲು ಬ್ರೇಕು, ಆಮೇಲೆ ಬಂಪರ್ರು: ಜೀಪ್ ಮಾಡಿಫೈ ಮಾಡ್ಸೋ ತಮ್ಮಂದಿರಿಗೆ

ಇವತ್ತು ಜೋಳದ ಸುದ್ದಿ ಇಲ್ಲ, ಹಿಪ್ಪುನೇರಳೆ ಸುದ್ದಿನೂ ಇಲ್ಲ. ಜೀಪಿನ ಸುದ್ದಿ. ಸ್ವಲ್ಪ ಉದ್ದ ಐತೆ, ಕೆಲವರಿಗೆ ಕೋಪಾನೂ ಬರಬಹುದು. ಬರಲಿ.

ನಮ್ಮ ತೊಂಡೇಬಾವಿ, ಮಂಚೇನಹಳ್ಳಿ, ಗೌರಿಬಿದನೂರು ಕಡೆ ಈಗ ಎರಡು ಮೂರು ವರ್ಷದಿಂದ ಒಂದು ಹುಚ್ಚು ಹತ್ತಿದೆ. ಮನೆ ಹಿಂದೆ ಹುಲ್ಲಿನ ಬಣವೆ ಪಕ್ಕ ತುಕ್ಕು ಹಿಡಿದು ನಿಂತಿರೋ ಅಪ್ಪನ ಕಾಲದ ಜೀಪನ್ನ ಎತ್ಕೊಂಡು ಹೋಗೋದು, ಇಲ್ಲಾಂದ್ರೆ ಎಲ್ಲಿಂದಲೋ ಒಂದು ಜೀಪು ತರ್ಸೋದು, ನಾಲ್ಕೈದು ಲಕ್ಷ ಸುರಿಯೋದು. ದಪ್ಪ ಟೈರು, ಎತ್ತರದ ಶಾಕಲ್ಲು, ಮುಂದೆ ಆನೆ ದಂತದಂಗೆ ಬಂಪರ್ರು, ತಲೆ ಮೇಲೆ ಎಂಟು ಲೈಟು, ಕಿವಿ ಹರಿಯೋ ಹಾರ್ನು. ಎಂಜಿನ್ ಇನ್ಯಾವುದೋ ದೊಡ್ಡ ಗಾಡೀದು. ಇಷ್ಟೆಲ್ಲಾ ಆದಮೇಲೆ ಬ್ರೇಕ್ ಏನ್ ಮಾಡ್ದಪ್ಪಾ ಅಂತ ಕೇಳಿದ್ರೆ, "ಅದು ಇರೋದೇ ಐತಲ್ಲ ಅಣ್ಣ" ಅಂತಾರೆ. ಈ ಮಾತಿಗೇ ನಾನು ಇವತ್ತು ಬರೀತಿರೋದು.

ಹಳೇ ಗಾಡಿ ಬಿಚ್ಚಿ ಕಟ್ಟೋದೇ ತಪ್ಪು ಅಂತ ನಾನು ಹೇಳ್ತಿಲ್ಲ. ನನ್ನ ಹತ್ರಾನೂ ಎಂಎಂ 540 ಐತೆ. ಸೊಪ್ಪು, ಟೊಮೇಟೊ ಕ್ರೇಟು, ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು, ಎಲ್ಲಾ ಅದರಲ್ಲೇ. ಅದರ ತೊಟ್ಟಿ ಮೂರು ಸಲ ಹೊಸದಾಗಿದೆ, ಹಿಂದಿನ ಸೀಟು ಕಿತ್ತು ತಗಡು ಹಾಸಿದೀನಿ. ಗುಜರಿಯವನಿಗೆ ಕೊಟ್ಟು ಕೈ ತೊಳ್ಕೊಳ್ಳೋದಕ್ಕಿಂತ ರಿಪೇರಿ ಮಾಡಿ ಓಡ್ಸೋದು ನೂರು ಪಾಲು ಮೇಲು. ನಮ್ಮೋರು ಯಾವಾಗಲೂ ಹಂಗೇ ಬದುಕಿರೋದು. ಪೆಟ್ರೋಲ್ ರೇಟು ತಡೆಯಕ್ಕಾಗದೆ ವಿಲ್ಲಿಸ್ ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರ್ಸಿದ್ದು ಯಾರು? ಲೇತ್ ಅಂಗಡಿಯೋರು, ವೆಲ್ಡಿಂಗ್ ಸಾಬ್ರು, ನಮ್ಮಂಥ ರೈತರು. ಮಹೀಂದ್ರದೋರು 1947ರಲ್ಲಿ ಬೊಂಬಾಯಿನಾಗೆ ವಿಲ್ಲಿಸ್ ಜೀಪು ಜೋಡ್ಸೋಕೆ ಶುರು ಮಾಡಿದ್ರು. ಆವತ್ತಿಂದ ಇವತ್ತಿನ ತನಕ ಆ ಜೀಪಿನಷ್ಟು ಸಲ ಬಿಚ್ಚಿ ಕಟ್ಟಿರೋ ಗಾಡಿ ಈ ದೇಶದಲ್ಲಿ ಇನ್ನೊಂದಿಲ್ಲ ಅಂತ ನನ್ನ ಲೆಕ್ಕ.

ಈಗಿನ ಹುಡುಗರು ಫೋನಿನಲ್ಲಿ ನೋಡಿ ಅಮೆರಿಕದ "ಹಾಟ್ ರಾಡ್" ಅಂತಾರೆ, ನಮ್ದೂ ಅದೇ ಸ್ಟೈಲು ಅಂತಾರೆ. ಸರಿ, ಆ ಹಾಟ್ ರಾಡ್ ಕಥೆನೇ ನೋಡೋಣ, ಯಾಕಂದ್ರೆ ಅರ್ಧ ಮಾತ್ರ ಕಲ್ತವ್ರೆ.

ಅಮೆರಿಕದಲ್ಲಿ 1930ರ ಆಸುಪಾಸಿನಾಗೆ ಹಳೇ ಫೋರ್ಡ್ ಕಾರುಗಳು ಗುಜರಿ ರೇಟಿಗೆ ಸಿಗ್ತಿದ್ವು. ಅದರಲ್ಲಿ ರೋಡ್‌ಸ್ಟರ್ ಅಂತ ಒಂದು ಮಾದರಿ, ಎರಡು ಸೀಟು, ಗಟ್ಟಿ ಟಾಪ್ ಇಲ್ಲ, ನಮ್ಮ ಓಪನ್ ಜೀಪಿನಂಗೆ ಹಗುರ. 1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ ಎಂಜಿನ್ ಬಿಡ್ತು, 65 ಕುದುರೆ ಶಕ್ತಿ. ಅಷ್ಟು ಕಡಿಮೆ ದುಡ್ಡಿಗೆ ಅಂಥ ಎಂಜಿನ್ ಅದಕ್ಕೆ ಮುಂಚೆ ಜನಸಾಮಾನ್ಯರ ಕೈಗೆ ಸಿಕ್ಕಿರಲಿಲ್ಲ. ಕ್ಯಾಲಿಫೋರ್ನಿಯಾದ ಹುಡುಗರು, ಬಹಳ ಜನ ದುಡ್ಡಿಲ್ಲದೋರು, ಮಡ್‌ಗಾರ್ಡ್ ಕಿತ್ತು, ಬೇಡದ ತೂಕ ಎಲ್ಲ ಇಳಿಸಿ, ಗುಜರಿಯಿಂದ ಒಂದೊಂದೇ ಸಾಮಾನು ತಂದು ತಮ್ಮ ಕೈಯಾರೆ ಕಟ್ಕೊಂಡ್ರು. ಕಟ್ಟಿ ಊರೊಳಗೆ ಮೆರೆಯೋದಲ್ಲ, ಮ್ಯೂರಾಕ್ ಅಂತ ಒಂದು ಒಣಗಿದ ಕೆರೆ ಅಂಗಳಕ್ಕೆ ತಗೊಂಡೋಗಿ ಓಡ್ಸೋರು. ನಮ್ಮ ಕೆರೆಗಳೂ ಬಹಳ ವರ್ಷ ಹಂಗೇ ಒಣಗಿದ್ವಲ್ಲ, ಬಿಡಿ, ಆ ಮಾತು ಬೇರೆ.

ಈಗ ಅಸಲು ವಿಷಯ. ಆ 1932ರ ಫೋರ್ಡಿಗೆ ಬಂದಿದ್ದು ಸರಳಿನ ಬ್ರೇಕು, ಎಣ್ಣೆ ಬ್ರೇಕಲ್ಲ. ಫೋರ್ಡಿನೋರು ಎಣ್ಣೆ ಬ್ರೇಕ್ ಕೊಟ್ಟಿದ್ದು 1939ರಲ್ಲಿ. ಅದು ಬಂದ ಮೇಲೆ ಹಾಟ್ ರಾಡ್ ಹುಡುಗರು ಏನ್ ಮಾಡಿದ್ರು ಗೊತ್ತಾ? 1939ರ ಮೇಲಿನ ಕಾರು ಗುಜರಿಗೆ ಬಂದ್ರೆ ಅದರ ಎಣ್ಣೆ ಬ್ರೇಕ್ ಸೆಟ್ಟನ್ನೇ ಕಿತ್ತು ತಂದು 1932ರ ಗಾಡಿಗೆ ಕೂರಿಸೋರು. ಇವತ್ತಿಗೂ ಹಳೇ ಪದ್ಧತೀಲಿ ಹಾಟ್ ರಾಡ್ ಕಟ್ಟೋನು ಆ ಬ್ರೇಕು ಹುಡುಕ್ತಾನೆ. 1937ರಲ್ಲೇ ಅವರು ಸಂಘ ಮಾಡ್ಕೊಂಡು ಓಟಕ್ಕೆ ಕಟ್ಟುಪಾಡು ತಂದ್ರು, 1951ರಲ್ಲಿ ಇನ್ನೊಂದು ದೊಡ್ಡ ಸಂಘ ಹುಟ್ಟಿದಾಗ ಅದರ ಮುಖ್ಯ ಉದ್ದೇಶವೇ ಹುಡುಗರ ರೇಸನ್ನ ಬೀದಿಯಿಂದ ಎಬ್ಬಿಸಿ ಮೈದಾನಕ್ಕೆ ಕಳ್ಸೋದು. ಅಂದ್ರೆ ಅವರು ಕಲ್ತಿದ್ದು ನಿಲ್ಸೋದನ್ನೂ ಸೇರ್ಸಿ. ನಮ್ಮೋರು ಮಡ್‌ಗಾರ್ಡ್ ಕೀಳೋದು ಮಾತ್ರ ಕಲ್ತ್ರು.

ಒಂದು ಲೆಕ್ಕ ಹೇಳ್ತೀನಿ, ಎಸ್ಸೆಸ್ಸೆಲ್ಸಿ ಲೆಕ್ಕ, ಕಷ್ಟ ಇಲ್ಲ. ಗಾಡಿ ನಿಲ್ಸೋಕೆ ಬ್ರೇಕ್ ನುಂಗಬೇಕಾದ ಶಕ್ತಿ ವೇಗದ ವರ್ಗದಂಗೆ ಏರುತ್ತೆ. ನಲವತ್ತರಲ್ಲಿ ಹೋಗೋ ಜೀಪು ಅರವತ್ತಕ್ಕೆ ಹೋದ್ರೆ ವೇಗ ಒಂದೂವರೆ ಪಟ್ಟು, ಬ್ರೇಕಿನ ಮೇಲೆ ಬೀಳೋ ಕೆಲಸ ಎರಡೂ ಕಾಲು ಪಟ್ಟು. ಎಂಬತ್ತಕ್ಕೆ ಹೋದ್ರೆ ನಾಲ್ಕು ಪಟ್ಟು. ಹಳೇ ವಿಲ್ಲಿಸ್ ಮಾದರಿ ಜೀಪಿಗೆ ಇದ್ದಿದ್ದು ಒಂಬತ್ತು ಇಂಚಿನ ಡ್ರಮ್ಮು, ಅರವತ್ತು ಕುದುರೆ ಎಂಜಿನ್ನಿಗೆ, ಆ ಕಾಲದ ರೋಡಿಗೆ ಸರಿಹೋಗೋ ಅಷ್ಟು. ಅದಕ್ಕೆ ನೀನು ದೊಡ್ಡ ಎಂಜಿನ್ ಏರ್ಸಿ, ಮೇಲೆ ಕಬ್ಬಿಣದ ಬಂಪರ್ರು, ರೋಲ್ ಬಾರು ಅಂತ ಒಂದೂವರೆ ಎರಡು ಕ್ವಿಂಟಾಲ್ ತೂಕ ಹೇರಿದ್ರೆ ಆ ಡ್ರಮ್ಮು ಏನಪ್ಪಾ ಮಾಡುತ್ತೆ? ಎರಡು ಸಲ ಜೋರಾಗಿ ತುಳಿದ್ರೆ ಕಾದು ಕೆಂಡ, ಮೂರನೇ ಸಲಕ್ಕೆ ಪೆಡಲ್ ಗಟ್ಟಿಯಾಗೇ ಇರುತ್ತೆ, ಗಾಡಿ ಮಾತ್ರ ನಿಲ್ಲಲ್ಲ.

ಇನ್ನೊಂದು ಐತೆ. ಹಳೇ ಜೀಪಿಗೆ ಮಾಸ್ಟರ್ ಸಿಲಿಂಡರಿನಾಗೆ ಒಂದೇ ದಾರಿ. ಎಲ್ಲೋ ಒಂದು ಪೈಪು ಒಡೀತು, ನಾಲ್ಕು ಚಕ್ರಕ್ಕೂ ಬ್ರೇಕಿಲ್ಲ. ಎರಡು ದಾರಿ ಇರೋ ಮಾಸ್ಟರ್ ಸಿಲಿಂಡರ್ ಹಾಕಿದ್ರೆ ಮುಂದೆ ಹೋದ್ರೂ ಹಿಂದೆ ಉಳಿಯುತ್ತೆ. ಅದು ಬಂಪರ್ ರೇಟಿನ ಅರ್ಧಕ್ಕೂ ಸಿಗುತ್ತೆ. ಆದ್ರೆ ಅದು ಬಾನೆಟ್ ಒಳಗೆ ಇರುತ್ತಲ್ಲ, ಮದುವೆ ಮೆರವಣಿಗೇಲಿ ಯಾರಿಗೂ ಕಾಣಲ್ಲ. ಅದಕ್ಕೇ ಯಾರೂ ಹಾಕ್ಸಲ್ಲ.

ದಪ್ಪ ಟೈರಿನ ಶೋಕಿದೂ ಹೇಳ್ಬೇಕು. ಕಂಪನಿ ಕೊಟ್ಟ 6.00-16 ಟೈರು ತೆಗೆದು ಮೂವತ್ತಮೂರು ಇಂಚಿಂದು ಹಾಕ್ತಾರೆ. ಟೈರು ದೊಡ್ಡದಾದಷ್ಟೂ ಅದೇ ಬ್ರೇಕಿನ ಹಿಡಿತ ನೆಲದ ಹತ್ರ ಕಡಿಮೆ ಆಗುತ್ತೆ. ಉದ್ದ ಹಿಡಿಯ ಗುದ್ದಲಿ ತುದಿ ಹಿಡಿದು ನೋಡಿ, ಗೊತ್ತಾಗುತ್ತೆ. ಸ್ಪೀಡೋಮೀಟರು ಐವತ್ತು ತೋರ್ಸಿದ್ರೆ ಗಾಡಿ ಐವತ್ತೇಳು ಹೋಗ್ತಿರುತ್ತೆ. ಕಿಂಗ್ ಪಿನ್ನು, ಸ್ಟೇರಿಂಗ್ ಬಾಲ್ ಜಾಯಿಂಟು, ಆಕ್ಸಲ್ಲು ಎಲ್ಲದಕ್ಕೂ ಹೊರೆ. ಮೇಲಿಂದ ಶಾಕಲ್ ಎತ್ತರ ಮಾಡಿ ಗಾಡಿನ ಮೇಕೆ ಮರಿಯಂಗೆ ನಿಲ್ಸಿದ್ರೆ ತಿರುವಿನಾಗೆ ಮಗುಚೋಕೆ ಅದಕ್ಕೆ ನೆಪ ಬೇಕಾ?

ಹೋದ ವರ್ಷ ನಮ್ಮ ಪಕ್ಕದ ಊರಿನ ಹುಡುಗನಿಗೆ ಆಗಿದ್ದು ಇದೇ. ಹೆಸರು ಬೇಡ, ಗೊತ್ತಿರೋರಿಗೆ ಗೊತ್ತು. ಎರಡು ಎಕರೆ ಹಿಪ್ಪುನೇರಳೆ, ಒಳ್ಳೆ ಬೆಳೆಗಾರ. ಎರಡು ಬೆಳೆ ಗೂಡಿನ ದುಡ್ಡು, ಸಾಲದ್ದಕ್ಕೆ ಹಸು ತರ್ತೀನಿ ಅಂತ ತಗೊಂಡ ಸಾಲ, ಎಲ್ಲಾ ಆ ಜೀಪಿಗೆ ಹೋಯ್ತು. ಇಳಿಜಾರಿನಾಗೆ ಮುಂದೆ ಜೋಳದ ಲೋಡಿನ ಟ್ರೈಲರು, ಬ್ರೇಕ್ ತುಳಿದವ್ನೆ, ನಿಂತಿಲ್ಲ. ಬಲಗಾಲಿಗೆ ರಾಡ್ ಹಾಕವ್ರೆ. ಇನ್ಷೂರೆನ್ಸ್ ಕಂಪನಿಯೋನು ಬಂದು ಎಂಜಿನ್ ನಂಬರ್ ಆರ್‌ಸಿಗೆ ಹೋಲ್ಸಿದ, ಫೋಟೋ ಹೊಡ್ಕೊಂಡ, ಗಾಡಿ ಡ್ಯಾಮೇಜಿಗೆ ಒಂದು ರೂಪಾಯಿ ಬರಲ್ಲ ಅಂತ ಕಾಗದ ಕಳಿಸಿದ. ಆ ಎಂಜಿನ್ ಏರ್ಸಿಕೊಟ್ಟ ಗ್ಯಾರೇಜಿನೋನು ಆಗ ಫೋನೇ ಎತ್ತಲಿಲ್ಲ. ತೋಟ ಈಗ ವಾರಕ್ಕೆ ಕೊಟ್ಟವ್ನೆ. ಇದನ್ನ ಬರೀಬಾರ್ದಿತ್ತು ಅಂತ ಕೆಲವರು ಹೇಳಬಹುದು. ಅವರಪ್ಪನ್ನ ಕೇಳೇ ಬರ್ದಿದೀನಿ.

"ಕಾನೂನು ಎಲ್ಲಾ ನಮ್ಮ ಹಳ್ಳಿ ರೋಡಿಗೆ ಎಲ್ಲಿ ಬರುತ್ತೆ ಬಿಡಣ್ಣ" ಅನ್ನೋರಿಗೆ ಒಂದು ಮಾತು. ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಓದ್ಸಿ ಕೇಳಿ. ಕಂಪನಿ ಹೆಂಗೆ ಮಾಡಿ ಕೊಟ್ಟು ಆರ್‌ಸಿಲಿ ಏನು ಬರೆದಿದೆಯೋ ಅದಕ್ಕೆ ವಿರುದ್ಧವಾಗಿ ಬದಲಾಯಿಸಂಗಿಲ್ಲ. 2019ರ ಜನವರಿನಲ್ಲಿ ಕೇರಳದ ಕೇಸಿನಾಗೆ ಸುಪ್ರೀಂ ಕೋರ್ಟೂ ಇದನ್ನೇ ಗಟ್ಟಿ ಮಾಡಿ ಹೇಳ್ತು. ಬಣ್ಣ, ಸಣ್ಣಪುಟ್ಟ ಫಿಟಿಂಗ್ ಪರವಾಗಿಲ್ಲ, ಗಾಡಿಯ ಮೂಲ ರಚನೆ ಮುಟ್ಟಂಗಿಲ್ಲ. ಅದೇ ವರ್ಷದ ತಿದ್ದುಪಡಿ ಪ್ರಕಾರ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಎಂಜಿನ್ ಬದಲಾಯಿಸಬೇಕು ಅಂದ್ರೆ ಆರ್‌ಟಿಓ ಒಪ್ಪಿಗೆ ತಗೊಂಡು ಅದೇ ತರದ್ದು ಹಾಕ್ಕೊಂಡು ಆರ್‌ಸಿಲಿ ಬರೆಸ್ಬೇಕು. ಹರಿಯಾಣದ ಮಂಡಿ ಡಬ್ವಾಲಿ ಕಡೆಯಿಂದ ಕಟ್ಟಿದ ಜೀಪು ತರ್ಸೋ ತಮ್ಮಂದಿರು ಇದನ್ನ ಚೆನ್ನಾಗಿ ನೆನಪಿಟ್ಕೊಳ್ಳಿ. ಅಲ್ಲಿಯೋರ ಕೈಕೆಲಸ ಹೆಸರುವಾಸಿ, ನಾನು ಬೈಯಲ್ಲ. ಆದ್ರೆ ಯಾರ ಹತ್ರ ತಗೊಂಡ್ರೂ ದುಡ್ಡು ಎಣಿಸೋ ಮುಂಚೆ ಚಾಸಿಸ್ ನಂಬರ್ ಉಜ್ಜಿ ನೋಡಿ. ಆರ್‌ಸಿ ಬೇರೆ, ಚಾಸಿಸ್ ಬೇರೆ ಆದ್ರೆ ನೀವು ತಗೊಂಡಿದ್ದು ಗಾಡಿ ಅಲ್ಲ, ಕೇಸು.

ಇಷ್ಟು ನಮ್ಮೋರಿಗೆ ಬೈದೆ. ಈಗ ಸರ್ಕಾರಕ್ಕೆ.

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗೆ ಹೊಸ ನಿಯಮ ತಂತು. ಐವತ್ತು ವರ್ಷ ದಾಟಿರಬೇಕು, ಚಾಸಿಸ್ಸು, ಬಾಡಿ, ಎಂಜಿನ್ ಎಲ್ಲಾ ಹುಟ್ಟಿದಂಗೇ ಇರಬೇಕು. 20,000 ರೂಪಾಯಿ ಕಟ್ಟಿದ್ರೆ "ವಿಎ" ಅಂತ ಬೇರೆ ನಂಬರ್ ಪ್ಲೇಟು, ಹತ್ತು ವರ್ಷಕ್ಕೆ. ರ‍್ಯಾಲಿಗೆ, ಪ್ರದರ್ಶನಕ್ಕೆ ತಗೊಂಡೋಗಬಹುದು, ದಿನನಿತ್ಯ ಓಡ್ಸಂಗಿಲ್ಲ. ಒಳ್ಳೇದೇ. ಬೆಂಗಳೂರಿನ ದೊಡ್ಡೋರ ಗ್ಯಾರೇಜಿನಾಗೆ ಬಟ್ಟೆ ಹೊದ್ದು ಮಲಗಿರೋ ಕಾರಿಗೆ ಮರ್ಯಾದೆ ಸಿಕ್ತು. ಹಳೇ ಕಾರು ಉಳೀಬೇಕು, ನನಗೂ ಆಸೆ.

ನಮ್ಮ ಜೀಪಿಗೆ? ಹದಿನೈದು ವರ್ಷ ಆದ ಗಾಡಿ ಮರುನೋಂದಣಿಗೆ 600 ರೂಪಾಯಿ ಇದ್ದಿದ್ದು 2022ರ ಏಪ್ರಿಲ್‌ನಿಂದ 5,000 ಆಯ್ತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ್ದಕ್ಕೆ 10,000 ಮಾಡಿದ್ರು. ಅಂದ್ರೆ ಓಡದೆ ನಿಂತಿರೋ ಹಳೇ ಗಾಡಿ ಪರಂಪರೆ, ದುಡಿದು ತಿನ್ನೋ ಹಳೇ ಗಾಡಿ ಗುಜರಿ. ನಾನು ಗೂಡು ಹೊತ್ತೊಯ್ಯೋ ಜೀಪಿಗೆ ಒಳ್ಳೆ ಬ್ರೇಕು ಹಾಕಿ ಗಟ್ಟಿ ಮಾಡ್ಕೊಂಡು, "ಸಾರ್, ನೋಡಿ, ಇದನ್ನ ಓಡ್ಸಿ, ತುಳಿದು ಪರೀಕ್ಷೆ ಮಾಡಿ, ಸರಿ ಇದ್ರೆ ಆರ್‌ಸಿಲಿ ಬರೀರಿ" ಅಂತ ಕೇಳೋಕೆ ರೈತನಿಗೆ ಒಂದು ಸಲೀಸಾದ ಬಾಗಿಲಿಲ್ಲ. ಒಳ್ಳೇದಕ್ಕೆ ಬದಲಾಯಿಸಿದವನನ್ನೂ ಎಂಟು ಲೈಟಿನೋನನ್ನೂ ಕಾನೂನು ಒಂದೇ ತಕ್ಕಡೀಲಿ ತೂಗುತ್ತೆ. ಬಾಗಿಲು ಇಲ್ಲದಿದ್ದಾಗ ಜನ ಗೋಡೆ ಹಾರ್ತಾರೆ. ಗೋಡೆ ಹಾರೋದಕ್ಕೆ ಕಲ್ತೋರು ಬ್ರೇಕ್ ಯಾಕೆ ಹಾಕ್ಸ್ತಾರೆ, ಹೆಂಗೂ ಯಾರೂ ನೋಡಲ್ಲವಲ್ಲ.

ಇಂಗ್ಲೆಂಡಿನಾಗೆ ಒಬ್ಬ ಮನೇಲಿ ಕಟ್ಟಿದ ಒಂದೇ ಒಂದು ಗಾಡಿನೂ ಪರೀಕ್ಷೆಗೆ ತಗೊಂಡೋಗಿ ಪಾಸ್ ಮಾಡಿಸ್ಕೊಳ್ಳೋ ವ್ಯವಸ್ಥೆ ಐತೆ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಹಾಟ್ ರಾಡ್ ತರದ ಗಾಡಿಗೇ ಬೇರೆ ನೋಂದಣಿ ಐತೆ. ನಮ್ಮಲ್ಲೂ ಯಾಕಾಗಲ್ಲ? ಬ್ರೇಕು, ಸ್ಟೇರಿಂಗು, ವೆಲ್ಡಿಂಗು, ಲೈಟು, ಹೊಗೆ ಇಷ್ಟು ನೋಡಲಿ, ಫೀಸ್ ತಗೊಳ್ಳಲಿ, ಸರಿ ಇಲ್ದಿದ್ರೆ ವಾಪಸ್ ಕಳ್ಸಲಿ. "ಅಷ್ಟು ಗಾಡಿ ಯಾರು ನೋಡ್ತಾರೆ, ಲಂಚ ಶುರುವಾಗುತ್ತೆ" ಅಂತ ನಮ್ಮ ಡೈರಿ ಹತ್ರ ಒಬ್ರು ವಾದ ಹಾಕಿದ್ರು. ಆಗಬಹುದು. ಆದ್ರೆ ಲಂಚದ ಭಯಕ್ಕೆ ಪರೀಕ್ಷೆನೇ ಬೇಡ ಅನ್ನೋದು, ಇಲಿ ಕಾಟ ಅಂತ ರಾಗಿನೇ ಬೆಳೆಯಲ್ಲ ಅಂದಂಗೆ.

ಆ ಬಾಗಿಲು ತೆರೆಯೋ ತನಕ ನನ್ನ ಮಾತು ಇಷ್ಟೇ. ಕಂಪನಿ ಎಂಜಿನ್ನೇ ಇರಲಿ, ಅದನ್ನೇ ಬೋರ್ ಮಾಡ್ಸಿ ಪಂಪ್ ಸೆಟ್ ಮಾಡ್ಸಿ, ಸೊಪ್ಪು ಹೊರೋಕೆ ಅದು ಸಾಕು. ಚಾಸಿಸ್ಸಿಗೆ ಕಟ್ಟರ್ ಇಡಬೇಡಿ. ತುಕ್ಕು ತಿಂದಿದ್ರೆ ಒಳ್ಳೆ ವೆಲ್ಡರ್ ಹತ್ರ ಒಳಗಿಂದ ಪಟ್ಟಿ ಕೊಟ್ಟು ಬೆಸೆಸಿ, ಮೇಲೆ ತೇಪೆ ಹಾಕಿ ಬಣ್ಣ ಹೊಡೆದು ಮುಚ್ಚೋನ ಹತ್ರ ಹೋಗಬೇಡಿ. ಟ್ಯಾಂಕಿಂದ ಬರೋ ಡೀಸೆಲ್ ಪೈಪು ಸೈಲೆನ್ಸರ್ ಪಕ್ಕ ಹಾದಿದ್ರೆ ಈವತ್ತೇ ಜರುಗಿಸಿ. ಲೈಟಿನ ವೈರಿಗೆಲ್ಲ ಫ್ಯೂಸ್ ಇರಲಿ. ಬ್ರೇಕ್ ಎಣ್ಣೆ ನೀರು ಹೀರ್ಕೊಳ್ಳುತ್ತೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ, ಡಬ್ಬಿ ತೆರೆದಿಟ್ಟ ಹಳೇ ಎಣ್ಣೆ ಹಾಕಬೇಡಿ.

ಬ್ರೇಕ್ ಡ್ರಮ್ ಲೇತಿಗೆ ಕೊಡೋರು ಒಂದು ಗಮನಿಸಿ. ಎಡಬಲ ಎರಡನ್ನೂ ಒಂದೇ ಅಳತೆಗೆ ತಿರುಗ್ಸಬೇಕು, ಒಂದನ್ನ ಮಾತ್ರ ತಿರುಗ್ಸಿದ್ರೆ ಗಾಡಿ ಒಂದು ಕಡೆ ಎಳೆಯುತ್ತೆ. ಡ್ರಮ್ಮು ಈಗಾಗಲೇ ತೆಳ್ಳಗಾಗಿದ್ರೆ ತಿರುಗ್ಸಬೇಡಿ, ಹೊಸದೇ ತಗೊಳ್ಳಿ. ನನ್ನ ಜೀಪಿನ ಹಿಂದಿನ ಜೋಡಿ ಈ ವಾರ ಬಿಚ್ತಿದೀನಿ. ನೋಡಬೇಕು ಅನ್ನೋ ತಮ್ಮಂದಿರು ಭಾನುವಾರ ಬೆಳಗ್ಗೆ ಹಾಲು ಹಾಕಿ ಬನ್ನಿ, ಹತ್ತು ಗಂಟೆ ಮೇಲೆ ನಾನು ಸೊಪ್ಪಿಗೆ ಹೋಗ್ತೀನಿ.