ನೋಡಿದ್ದು, ತೋಚಿದ್ದು: ಕೆಲವು ಸಿನೆಮಾ, ಒಂದು ತಪ್ಪೊಪ್ಪಿಗೆ

ಈ ಸಲ ಸಿನೆಮಾಗಳ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದು ಸಂಪಾದಕರ ಅಪ್ಪಣೆಯಾಗಿದೆ. ಅಡುಗೆ, ಆರೋಗ್ಯ, ರೈಲು ಪ್ರಯಾಣ, ಬಾಡಿಗೆ ಮನೆ, ಇವೆಲ್ಲದರ ಮೇಲೂ ಈ ಅಂಕಣದಲ್ಲಿ ಕೈಯಾಡಿಸಿ ಆಗಿರುವುದರಿಂದ ಇನ್ನು ಉಳಿದದ್ದು ಇದೊಂದೇ ಎಂದು ಅವರಿಗೆ ತೋರಿರಬೇಕು. ಅಪ್ಪಣೆಯನ್ನು ಶಿರಸಾ ವಹಿಸುವ ಮೊದಲು ನಮ್ಮ ಯೋಗ್ಯತೆ ಎಷ್ಟೆಂಬುದನ್ನು ಹೇಳಿಬಿಡುವುದು ಒಳ್ಳೆಯದು. ನಾವು ವಿಮರ್ಶಕರಲ್ಲ. ಕ್ಯಾಮರಾ ಎಲ್ಲಿಟ್ಟರೆ ಏನಾಗುತ್ತದೆಂಬುದು ನಮಗೆ ತಿಳಿಯದು. ವರ್ಷಕ್ಕೆ ನಾಲ್ಕೋ ಐದೋ ಚಿತ್ರ ನೋಡುತ್ತೇವೆ. ಅವುಗಳಲ್ಲಿ ಒಂದೆರಡರ ಉತ್ತರಾರ್ಧವನ್ನು ನಿದ್ರೆಯಲ್ಲಿ ಕಳೆಯುತ್ತೇವೆ. ನಿದ್ರೆ ಹೋದ ಚಿತ್ರದ ಮೇಲೆ ಅಭಿಪ್ರಾಯ ಕೊಡಕೂಡದೆಂದು ನಮ್ಮ ಮನೆಯವರು ಕಟ್ಟಪ್ಪಣೆ ಮಾಡಿದ್ದಾರೆ. ಆದ್ದರಿಂದ ಕೆಳಗೆ ಹೇಳಿರುವುದೆಲ್ಲ ಎಚ್ಚರವಾಗಿದ್ದು ನೋಡಿದ ಚಿತ್ರಗಳ ವಿಷಯವೆಂದು ವಾಚಕರು ನಂಬಬಹುದು.

ನಮ್ಮಲ್ಲಿರುವುದು ಒಂದೇ ಅಳತೆಗೋಲು. ಚಿತ್ರ ಮುಗಿಸಿಕೊಂಡು ಮನೆಗೆ ಬಂದು, ಕೈಕಾಲು ತೊಳೆದು, ಊಟಕ್ಕೆ ಕುಳಿತಾಗ ಆ ಚಿತ್ರದ ಮಾತು ಬರುತ್ತದೆಯೋ ಇಲ್ಲವೋ? ಹುಳಿ ಮುಗಿಯುವುದರೊಳಗೆ ಮರೆತುಹೋದರೆ ಕಾಸಿಗೆ ತಕ್ಕ ಕಜ್ಜಾಯವೆಂದುಕೊಂಡು ಸುಮ್ಮನಾಗುತ್ತೇವೆ. ಮಜ್ಜಿಗೆಯವರೆಗೂ ಮಾತು ನಡೆದರೆ ಒಳ್ಳೆಯ ಚಿತ್ರ. ಮಾರನೆಯ ದಿನವೂ ಬಿಡದೆ ಕಾಡಿದರೆ, ಅದಕ್ಕೆ ಅಂಕ ಕೊಡುವ ಅಧಿಕಾರ ನಮಗಿಲ್ಲ.

ಭೇಲೂಪುರವನ್ನು ನೋಡದ ವಾಚಕರಿಗಾಗಿ ಒಂದು ಮಾತು. ಇದು ಕಾಶಿಯ ದಕ್ಷಿಣ ಭಾಗದ ಬಡಾವಣೆ. ಜೈನರಿಗೆ ಇಪ್ಪತ್ತಮೂರನೆಯ ತೀರ್ಥಂಕರ ಪಾರ್ಶ್ವನಾಥರು ಹುಟ್ಟಿದ ಸ್ಥಳ. ನಮ್ಮ ಮಗಳಿಗೆ ಸಿನೆಮಾ ಇರುವ ಸ್ಥಳ. ವಿಜಯಾ ಎಂಬ ಹಳೆಯ ಚಿತ್ರಮಂದಿರವಿದ್ದಲ್ಲಿ ಈಗ ಅದೇ ಹೆಸರನ್ನು ಉಳಿಸಿಕೊಂಡ ಮಾಲ್ ಎದ್ದಿದೆ. ಅದಿರಲಿ. ಮನೆಯಿಂದ ಪೂರ್ವಕ್ಕೆ ಕಾಲು ಗಂಟೆ ನಡೆದರೆ ಗಂಗೆ. ಅಲ್ಲಿ ಹರಿಶ್ಚಂದ್ರ ಘಾಟ್. ಅನತಿ ದೂರದಲ್ಲೇ ನಮ್ಮ ಕರ್ನಾಟಕದ ಹೆಸರು ಹೊತ್ತ ಘಾಟ್.

ಇಂಥ ಊರಿನಲ್ಲಿರುವವರಿಗೆ ಒಂದು ಕಷ್ಟವಿದೆ. ಕಾಶಿಯಲ್ಲಿ ತೆಗೆದ ಚಿತ್ರಗಳನ್ನು ಸಮಾಧಾನವಾಗಿ ನೋಡುವ ಹಾಗಿಲ್ಲ. ನಾಯಕ ಅಸ್ಸಿ ಘಾಟಿನಲ್ಲಿ ಓಡತೊಡಗುತ್ತಾನೆ. ಒಂದು ಗಲ್ಲಿ ತಿರುಗಿದರೆ ಮಣಿಕರ್ಣಿಕೆಯಲ್ಲಿರುತ್ತಾನೆ. ನಡುವಣ ಹತ್ತಾರು ಘಾಟ್‌ಗಳು, ಗೂಳಿಗಳು, ಸೈಕಲ್ ರಿಕ್ಷಾಗಳು ಎಲ್ಲಿ ಹೋದುವೆಂದು ನಾವು ಲೆಕ್ಕ ಹಾಕುತ್ತಿರುವಾಗಲೇ ಅವನಿಗೆ ಪ್ರೇಮ ಹುಟ್ಟಿರುತ್ತದೆ.

ಆದರೆ ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ದಲ್ಲಿ ನಾವು ತಪ್ಪು ಹುಡುಕಲಿಲ್ಲ. 1956ರ ಈ ಬಂಗಾಳಿ ಚಿತ್ರಕ್ಕೆ 1957ರಲ್ಲಿ ವೆನಿಸ್ ಉತ್ಸವದ ಸ್ವರ್ಣಸಿಂಹ ಪ್ರಶಸ್ತಿ ಬಂತು. ಬಂಗಾಳದ ಹಳ್ಳಿ ಬಿಟ್ಟು ಬಂದ ಹರಿಹರ ಘಾಟಿನಲ್ಲಿ ಪುರಾಣ ಓದಿ ಸಂಸಾರ ಸಾಗಿಸುತ್ತಾನೆ. ಮಗ ಅಪು ಗಲ್ಲಿಗಳಲ್ಲಿ ಅಲೆಯುತ್ತಾನೆ. ಹೆಂಡತಿ ಸರ್ಬಜಯಾ ಕತ್ತಲೆಯ ವಠಾರದಲ್ಲಿ ಒಲೆ ಊದುತ್ತಾಳೆ. ಆ ವಠಾರದ ನಡುಮನೆಯನ್ನು ಸ್ಟುಡಿಯೋದಲ್ಲಿ ಕಟ್ಟಿದ್ದರಂತೆ. ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪದ ಬೆಳಕನ್ನು ಅದಕ್ಕೆ ಹಾಯಿಸಿ, ಅಲ್ಲಿಂದ ಕೆಳಗಿಳಿಸಿ ಹಗಲಿನ ಬೆಳಕನ್ನು ಹುಟ್ಟಿಸಿದರು. ನಾವು 1998ರಲ್ಲಿ ಕೆಲಸದ ನಿಮಿತ್ತ ಇಲ್ಲಿಗೆ ಬಂದಾಗ ಸಿಕ್ಕಿದ ಮೊದಲ ಬಾಡಿಗೆ ಮನೆಯಲ್ಲಿಯೂ ಬೆಳಕು ಹೀಗೆಯೇ, ದೊಡ್ಡವರ ಮನೆಯಿಂದ ಕಡ ತಂದಂತೆ, ಮೇಲಿನಿಂದ ಸ್ವಲ್ಪವೇ ಇಳಿಯುತ್ತಿತ್ತು. ಚಿತ್ರ ನೋಡಿದ ರಾತ್ರಿ ನಮ್ಮ ಮನೆಯವರು ಆ ಮನೆಯನ್ನು ನೆನೆದು, ‘ಪಾಪ, ಆ ಹೆಂಗಸಿಗೆ ಮಾತಾಡೋಕ್ಕೆ ಒಬ್ಬರೂ ಇರ್ಲಿಲ್ಲ’ ಎಂದರು. ಇಪ್ಪತ್ತೇಳು ವರ್ಷ ಕಳೆದ ಮೇಲೆ ನಮಗೆ ಮೊದಲ ಬಾರಿ ಗೊತ್ತಾಯಿತು, ಅವರಿಗೂ ಆಗ ಒಬ್ಬರೂ ಇರಲಿಲ್ಲವೆಂದು.

ಬಂಗಾಳಿಗಳಿಗೆ ‘ಅಪರಾಜಿತೊ’ ಇದ್ದರೆ ತಮಿಳರಿಗೆ 2013ರ ‘ರಾಂಝಣಾ’ ಇದೆ. ನಾಯಕ ಕುಂದನ್ ಕಾಶಿಯಲ್ಲಿ ನೆಲೆಸಿದ ತಮಿಳು ಪುರೋಹಿತರ ಮಗ. ಧನುಷ್ ಆ ಪಾತ್ರದಲ್ಲಿದ್ದಾರೆ. ದಕ್ಷಿಣದ ಹುಡುಗ ಬನಾರಸಿ ಹಿಂದಿಯಲ್ಲಿ ಜಗಳವಾಡುವುದನ್ನು ನೋಡಿ ನಮ್ಮ ಎದೆ ಉಬ್ಬಿತು. ನಮ್ಮ ಮಗಳ ಎದೆ ಉಬ್ಬಲಿಲ್ಲ. ‘ಬೇಡ ಅಂದ ಹುಡುಗಿಯ ಬೆನ್ನು ಹತ್ತಿ ಕೈ ಕುಯ್ದುಕೊಳ್ಳೋದು ಪ್ರೀತಿಯಾ ಅಪ್ಪ?’ ಎಂದು ಕೇಳಿದಳು. ಹೆಣ್ಣು ಮಕ್ಕಳನ್ನು ಸಾಕಿದವರು ಇದಕ್ಕೆ ಬೇರೆ ಉತ್ತರ ಕೊಡಲಾರರು, ಅಲ್ಲವೆಂದು ಒಪ್ಪಿದೆವು. ಕೊನೆಯಲ್ಲಿ ಆ ಹುಡುಗ ಸಾಯುತ್ತಾನೆ. 2025ರ ಆಗಸ್ಟಿನಲ್ಲಿ ಈ ಚಿತ್ರದ ತಮಿಳು ರೂಪವಾದ ‘ಅಂಬಿಕಾಪತಿ’ಯನ್ನು ಮತ್ತೆ ತೆರೆಗೆ ತಂದಾಗ ಕೃತಕ ಬುದ್ಧಿಮತ್ತೆಯ ಯಂತ್ರದಿಂದ ಅವನನ್ನು ಬದುಕಿಸಿಬಿಟ್ಟರು! ನಿರ್ದೇಶಕ ಆನಂದ್ ರಾಯ್ ಅವರೂ ಧನುಷ್ ಅವರೂ ಇದನ್ನು ಬಲವಾಗಿ ಆಕ್ಷೇಪಿಸಿದರು. ನಾವು ಅವರ ಪಕ್ಷ. ಕಥೆಯಲ್ಲಿ ಸತ್ತವನು ಸಾಯಬೇಕು. ಇಲ್ಲವಾದರೆ ಅತ್ತವರ ಕಣ್ಣೀರಿಗೆ ಏನು ಬೆಲೆ?

ಇನ್ನು ನಮ್ಮವರ ಸರದಿ. ಹೊರಗಿನಿಂದ ಕಾಶಿಗೆ ಬಂದು, ಇಲ್ಲಿಂದ ಬುತ್ತಿ ಕಟ್ಟಿಕೊಂಡು ಹೋದ ಕನ್ನಡಿಗರಲ್ಲಿ ಬಿ. ವಿ. ಕಾರಂತರು ಒಬ್ಬರು. ಗುಬ್ಬಿ ಕಂಪೆನಿಯಲ್ಲಿ ಬೆಳೆದ ಹುಡುಗ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದರು. ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತರು. ಅವರು ನಿರ್ದೇಶಿಸಿದ ‘ಚೋಮನ ದುಡಿ’ಗೆ 1975ರ ಸಾಲಿನ ಸ್ವರ್ಣಕಮಲ ಬಂತು, ಚೋಮನಾಗಿದ್ದ ಎಂ. ವಿ. ವಾಸುದೇವರಾಯರು ಶ್ರೇಷ್ಠ ನಟರೆನಿಸಿದರು. ತನ್ನದೆಂಬ ತುಂಡು ಭೂಮಿಯನ್ನು ಉಳಬೇಕೆಂಬ ಒಂದೇ ಆಸೆ ಚೋಮನಿಗೆ. ಅದು ಕೈಗೂಡದು, ದುಡಿ ಮಾತ್ರ ಅವನ ಕೈಯಲ್ಲಿ ಉಳಿಯುತ್ತದೆ. ಈ ಚಿತ್ರ ನೋಡಿದ ರಾತ್ರಿ ನಮ್ಮ ಊಟದಲ್ಲಿ ಮಾತೇ ಬರಲಿಲ್ಲ. ಅಳತೆಗೋಲು ಸೋತಿತು.

2022ರ ‘ಕಾಂತಾರ’ವನ್ನು ಮಾಲಿನಲ್ಲಿ ಹಿಂದಿಯಲ್ಲಿ ನೋಡಿದೆವು. ಕರಾವಳಿಯ ಕನ್ನಡ ಹಿಂದಿಯಾಗುವಾಗ ಕೊಬ್ಬರಿ ಎಣ್ಣೆ ಹೋಗಿ ಸಾಸಿವೆ ಎಣ್ಣೆಯ ಒಗ್ಗರಣೆ ಬಿದ್ದಂತಾಗಿತ್ತು. ಪಕ್ಕದ ಮನೆಯ ಭಾಭೀಜಿ ಮಧ್ಯಂತರದಲ್ಲಿ, ‘ನಿಮ್ಮ ಕಡೆ ಎಲ್ಲರೂ ಹೀಗೆ ಕೂಗಾಡುತ್ತಾರಾ?’ ಎಂದು ಕೇಳಿದರು. ಮಗಳ ಗೆಳತಿಯರಿಗೆ ಭೂತಕೋಲವೆಂದರೇನೆಂದು ತಿಳಿಯಬೇಕಿತ್ತು. ನಮ್ಮದು ತಿಪಟೂರಿನ ಕಡೆ. ತೆಂಗಿನಕಾಯಿಯ ವಿಷಯ ಕೇಳಿದ್ದರೆ ಹೇಳಬಹುದಿತ್ತು, ದೈವದ ವಿಷಯ ನಮಗೇನು ಗೊತ್ತು? ಆದರೂ ಕೊನೆಯಲ್ಲಿ ದೈವ ಹೊರಡಿಸುವ ಆ ಕೂಗಿಗೆ ಭಾಷಾಂತರ ಬೇಕಾಗಲಿಲ್ಲ. ಭಾಭೀಜಿಯೂ ಕೈಮುಗಿದರು. ಅಂದು ಮಗಳು ಗೆಳತಿಯರಿಗೆ ‘ಇದು ನಮ್ಮ ಭಾಷೆಯ ಚಿತ್ರ’ ಎಂದು ಹೇಳಿದ್ದು ನಮ್ಮ ಕಿವಿಗೆ ಬಿತ್ತು. ಅದಕ್ಕೇ ನಮ್ಮ ಟಿಕೆಟ್ಟಿನ ಹಣ ಸಂದಿತು.

ಇಷ್ಟು ಹೊತ್ತು ಹಗುರವಾಗಿ ಬರೆದೆವು. ಇನ್ನು ಎರಡು ಚಿತ್ರಗಳ ಮಾತು ಉಳಿದಿದೆ. ಎರಡೂ ಹರಿಶ್ಚಂದ್ರ ಘಾಟಿಗೆ ಸೇರಿದುವು.

ನೀರಜ್ ಘಾಯ್ವಾನರ ‘ಮಸಾನ್’ 2015ರದು. ಕಾನ್ ಉತ್ಸವದಲ್ಲಿ ಪ್ರಶಸ್ತಿ ಪಡೆದದ್ದು. ಶವದಹನ ಮಾಡುವ ಡೋಮ ಮನೆತನದ ಹುಡುಗನೊಬ್ಬ ಹಗಲು ಇಂಜಿನಿಯರಿಂಗ್ ಓದುತ್ತಾನೆ. ಮನೆಯ ಕಸುಬನ್ನೂ ಮಾಡುತ್ತಾನೆ. ಅವನು ಮೇಲು ಜಾತಿಯ ಹುಡುಗಿಯನ್ನು ಮೆಚ್ಚುತ್ತಾನೆ. ಒಂದು ದಿನ ಅಪಘಾತದಲ್ಲಿ ಸತ್ತವರ ಹೆಣಗಳು ಘಾಟಿಗೆ ಬರುತ್ತವೆ. ಅವುಗಳಲ್ಲೊಂದರ ಬೆರಳಿನ ಉಂಗುರವನ್ನು ಅವನು ಗುರುತಿಸುತ್ತಾನೆ. ಅಷ್ಟು ಹೇಳಿದರೆ ಸಾಕು. ನಾವು ದಿನವೂ ಹೊಗೆಯನ್ನು ನೋಡುವವರು. ಹೊಗೆಯ ಹಿಂದೆ ನಿಂತವನ ಮುಖವನ್ನು ಅಂದು ಮೊದಲು ನೋಡಿದೆವು.

ಈ ಕಥೆ ನಮ್ಮ ತಾಯಿಯವರಿಗೆ ಹೊಸದೆನಿಸಲಿಲ್ಲ. ‘ಇದು ಹರಿಶ್ಚಂದ್ರನ ಕಥೆಯೇ ಅಲ್ವೇನೋ. ಸುಡೋವನ ಮುಂದೆ ಅವನವರೇ ಬಂದು ಮಲಗಿದ್ರು’ ಎಂದರು. ಯೋಚಿಸಿದರೆ ನಿಜ. ಫಾಲ್ಕೆಯವರು 1913ರಲ್ಲಿ ನಮ್ಮ ದೇಶದ ಮೊದಲ ಪೂರ್ಣ ಕಥಾಚಿತ್ರಕ್ಕೆ ಆರಿಸಿಕೊಂಡದ್ದೂ ಈ ಕಥೆಯನ್ನೇ. ಹಂಪೆಯ ರಾಘವಾಂಕ ಅದಕ್ಕೂ ಏಳುನೂರು ವರ್ಷಗಳ ಹಿಂದೆ ಕನ್ನಡದಲ್ಲಿ ಹಾಡಿದ್ದೂ ಇದನ್ನೇ.

ಅಮ್ಮ ಹುಣಸೂರು ಕೃಷ್ಣಮೂರ್ತಿಯವರ ‘ಸತ್ಯ ಹರಿಶ್ಚಂದ್ರ’ವನ್ನು ಮೊದಲು ನೋಡಿದ್ದು ಮದುವೆಯಾದ ಹೊಸತರಲ್ಲಿ, ಟೆಂಟ್ ಸಿನೆಮಾದಲ್ಲಿ, ನಮ್ಮ ತಂದೆಯವರ ಜೊತೆ. ಚಿತ್ರ 1965ರದು. ರಾಜಕುಮಾರ್ ಹರಿಶ್ಚಂದ್ರ, ಪಂಢರೀಬಾಯಿ ಚಂದ್ರಮತಿ, ಉದಯಕುಮಾರ್ ವಿಶ್ವಾಮಿತ್ರ, ಎಂ. ಪಿ. ಶಂಕರ್ ವೀರಬಾಹು. ನಕ್ಷತ್ರಿಕನಾಗಿ ನರಸಿಂಹರಾಜು ಬಂದರೆ ಟೆಂಟಿನ ನೆಲದವರು ಎದ್ದು ನಿಲ್ಲುತ್ತಿದ್ದರಂತೆ. ಹಿಂದೆ ಬೆಂಚಿನಲ್ಲಿದ್ದವರಿಗೂ ಅವರಿಗೂ ಜಗಳವಾಗುತ್ತಿತ್ತಂತೆ. 2008ರಲ್ಲಿ ಈ ಚಿತ್ರಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಕಪ್ಪು ಬಿಳುಪೇ ಚೆನ್ನೆಂದು ಅಮ್ಮನ ಅಭಿಪ್ರಾಯ. ಸುಡುಗಾಡಿಗೆ ಬಣ್ಣವೇಕೆಂದು ಅವರ ಪ್ರಶ್ನೆ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಮೊಮ್ಮಗಳ ಕಂಪ್ಯೂಟರನ್ನು ಟೀವಿಗೆ ಜೋಡಿಸಿ ಮನೆಮಂದಿಯೆಲ್ಲ ಈ ಚಿತ್ರ ನೋಡಿದೆವು. ಹಳೆಯ ಕನ್ನಡದ ಮಾತು ಮಗಳಿಗೆ ಪೂರ್ತಿ ಹತ್ತದು. ಅಜ್ಜಿ ಅರ್ಥ ಹೇಳುತ್ತಿದ್ದರು. ಅವಳು ಅದನ್ನು ಹಿಂದಿಯಲ್ಲಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸತ್ತ ಮಗನನ್ನು ಎತ್ತಿಕೊಂಡು ಚಂದ್ರಮತಿ ಮಸಣಕ್ಕೆ ಬಂದಳು. ಸುಂಕ ಕೊಡದೆ ಸುಡುವ ಹಾಗಿಲ್ಲವೆಂದು ಹರಿಶ್ಚಂದ್ರ ಅಡ್ಡ ನಿಂತ. ಆಗ ಅಮ್ಮ ತೆರೆಯಿಂದ ಕಣ್ಣು ತೆಗೆಯದೆಯೇ ಕೇಳಿದರು:

‘ಅವತ್ತು ನಿಮ್ಮಪ್ಪನ ಕೆಲಸಕ್ಕೆ ಅವರು ಕೇಳಿದ್ದನ್ನ ಕೊಟ್ಟೆ ತಾನೇ? ಚೌಕಾಸಿ ಗೀಕಾಸಿ ಮಾಡ್ಲಿಲ್ವಲ್ಲ?’

‘ಇಲ್ಲಮ್ಮ. ಕೇಳಿದ್ದನ್ನೇ ಕೊಟ್ಟೆ’ ಎಂದೆವು.

ತಂದೆಯವರು ತೀರಿಕೊಂಡದ್ದು 2017ರ ಮಾಘಮಾಸದಲ್ಲಿ. ಹರಿಶ್ಚಂದ್ರ ಘಾಟಿಗೇ ಒಯ್ದೆವು. ಚಿತೆಗೆ ಬೆಂಕಿಯನ್ನು ಡೋಮರ ಕೈಯಿಂದಲೇ ಪಡೆಯಬೇಕೆಂಬುದು ಇಲ್ಲಿನ ಪದ್ಧತಿ. ಬಂದವನು ಇಪ್ಪತ್ತು ಇಪ್ಪತ್ತೆರಡರ ಹುಡುಗ. ಒಂದು ಮೊತ್ತ ಹೇಳಿದ. ನಾವು ಅರ್ಧಕ್ಕೆ ಕೇಳಿದೆವು, ಗೋದೌಲಿಯಾದಲ್ಲಿ ಸೀರೆ ಕೇಳುವ ಹಾಗೆ. ಪರವೂರಿನವರೆಂದು ಮೋಸ ಮಾಡುತ್ತಿದ್ದಾನೆಂದು ನಮ್ಮ ಅನುಮಾನ. ಅಷ್ಟು ವರ್ಷ ಇಲ್ಲಿದ್ದು ಕಲಿತ ಹಿಂದಿಯನ್ನೆಲ್ಲ ಅಂದು ಅವನ ಮೇಲೆ ಸುರಿದೆವು. ಕೊನೆಗೆ ಮುಕ್ಕಾಲಿಗೆ ಒಪ್ಪಿದ. ಒಪ್ಪಿ, ಮೂರು ಗಂಟೆಗಳ ಕಾಲ ಹೊಗೆಯಲ್ಲಿ ನಿಂತು, ಬಿದಿರಿನಿಂದ ಕಟ್ಟಿಗೆಯನ್ನು ಸರಿಮಾಡುತ್ತ, ನಮ್ಮ ತಂದೆಯವರನ್ನು ಕಳಿಸಿಕೊಟ್ಟ. ನಾವು ಮೆಟ್ಟಿಲ ಮೇಲೆ ಗಾಳಿಯ ಕಡೆಗೆ ಕುಳಿತಿದ್ದೆವು. ಉಳಿಸಿದ ಹಣ ಎಷ್ಟೆಂಬುದನ್ನು ಮುಂದೆ ಒಬ್ಬಿಬ್ಬರು ಸ್ನೇಹಿತರಿಗೆ ಹೇಳಿಕೊಂಡದ್ದೂ ಉಂಟು.

‘ಮಸಾನ್’ ನೋಡಿ ಆ ಮುಖವನ್ನು ಕಂಡುಕೊಂಡೆವೆಂದು ಮೇಲೆ ಬರೆದೆವಲ್ಲ, ಆ ಚಿತ್ರವನ್ನು ನಾವು ನೋಡಿದ್ದು ಇದಾದ ಬಹಳ ದಿನಗಳ ಮೇಲೆ. ಆಗ ಒಳ್ಳೆಯ ಚಿತ್ರವೆಂದು ಹೊಗಳಿ, ಮಜ್ಜಿಗೆಯನ್ನ ಉಂಡು ಮಲಗಿದ್ದೆವು. ಹೊಗಳುವುದು ಸುಲಭ. ಅಮ್ಮ ಕೇಳಿದ ಮೇಲೆ ಅಂಥ ಸುಲಭದ ದಾರಿ ಉಳಿಯಲಿಲ್ಲ. ಇದ್ದ ರಾಜ್ಯವನ್ನು, ಹೆಂಡತಿ ಮಕ್ಕಳನ್ನು ಕಳೆದುಕೊಂಡರೂ ಸುಳ್ಳಾಡದವನ ಕಥೆ ಎದುರಿಗೆ ನಡೆಯುತ್ತಿರುವಾಗ ನಾವು ಸುಳ್ಳು ಹೇಳಿದೆವು. ಅದೂ ಹೆತ್ತ ತಾಯಿಗೆ.

ಮರುದಿನ ಸಂಜೆ ಘಾಟಿಗೆ ಹೋದೆವು. ಮುಖ ನೆನಪಿಲ್ಲ, ಹೆಸರನ್ನು ಅಂದು ಕೇಳಲೇ ಇಲ್ಲ, ಯಾರನ್ನೆಂದು ವಿಚಾರಿಸುವುದು? ಜೇಬಿನಲ್ಲಿದ್ದ ಹಣ ಜೇಬಿನಲ್ಲೇ ಇತ್ತು. ಬಿದಿರು ಹಿಡಿದ ಹುಡುಗರು ಮೂರು ನಾಲ್ಕು ಮಂದಿ ಇದ್ದರು. ಒಬ್ಬ ನಮ್ಮನ್ನು ನೋಡಿ, ಹೆಣ ತಂದವರೇನೋ ಎಂದು ಹತ್ತಿರ ಬಂದು, ಅಲ್ಲವೆಂದು ತಿಳಿದು ಹೊರಟುಹೋದ. ಸ್ವಲ್ಪ ಹೊತ್ತು ನಿಂತಿದ್ದು ಮನೆಗೆ ಬಂದೆವು. ‘ಎಲ್ಲಿಗೋ ಹೋಗಿದ್ದೆ?’ ಎಂದು ಅಮ್ಮ ಕೇಳಿದರು. ತರಕಾರಿಗೆ ಎಂದೆವು. ಕೈಯಲ್ಲಿ ಚೀಲವಿರಲಿಲ್ಲ.

ಸಿನೆಮಾಗಳ ವಿಷಯ ನಮ್ಮ ಅಭಿಪ್ರಾಯವೇನೆಂದು ಸಂಪಾದಕರು ಕೇಳಿದ್ದರು. ಇದೇ ನಮ್ಮ ಅಭಿಪ್ರಾಯ. ಕೆಲವನ್ನು ನಾವು ನೋಡುತ್ತೇವೆ. ಕೆಲವು ನಮ್ಮನ್ನು ನೋಡುತ್ತವೆ. ಅರುವತ್ತು ವರ್ಷದ ಹಳೆಯ ಚಿತ್ರ, ಸ್ಟುಡಿಯೋದಲ್ಲಿ ಕಟ್ಟಿದ ಮಸಣ. ಆದರೂ ನಿಜವಾದ ಮಸಣದಲ್ಲಿ ನಿಂತು ನಾವು ಮಾಡಿದ್ದನ್ನು ಅದು ಹುಡುಕಿ ತೆಗೆಯಿತು.

ಅಮ್ಮ ಈ ಪತ್ರಿಕೆಯನ್ನು ಭೂತಗನ್ನಡಿ ಹಿಡಿದು ಮೊದಲ ಪುಟದಿಂದ ಕೊನೆಯ ಜಾಹೀರಾತಿನವರೆಗೂ ಓದುತ್ತಾರೆ. ಈ ಅಂಕಣವನ್ನಂತೂ ಎರಡು ಸಲ ಓದಿ ಕಾಗುಣಿತದ ತಪ್ಪು ಹುಡುಕುತ್ತಾರೆ. ಬಾಯಲ್ಲಿ ಹೇಳಲು ಎರಡು ತಿಂಗಳಿಂದ ಧೈರ್ಯ ಬಂದಿಲ್ಲವಾದ್ದರಿಂದ ಬರೆದಿದ್ದೇವೆ. ಸಂಚಿಕೆ ಬಂದ ದಿನ ಅಂಚೆಯವನಿಂದ ಇಸಿದುಕೊಂಡು ನಾವೇ ಅದನ್ನು ಅವರ ಕೈಗೆ ಕೊಡುವವರಿದ್ದೇವೆ.